ಎಡಗಾಲು

ಕೌಲ್ ಬಜಾರಿನ ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ
ಕಟಿಂಗ್ ಮೇಜಿನ ಹಿಂದಿನ ಮೊಳೆಗೆ
ಒಂದು ಪ್ಯಾಂಟಿನ ಎಡಗಾಲು ನೇತಾಡುತ್ತದೆ.
ಅದರ ಜೋಡಿ ಹುಟ್ಟಲೇ ಇಲ್ಲ.

ಕರೆಂಟು ಹೋಗುವುದರೊಳಗೆ ಮುಗಿಸೋಣವೆಂದು
ದಾದಾಪೀರ್ ಮಾಸ್ತರು ಒಂದು ಮಧ್ಯಾಹ್ನ
ಎಂಬತ್ತು ಪದರ ಬಟ್ಟೆ ಹಾಸಿ
ಎರಡನೇ ಕಾಲಿನ ನಕ್ಷೆಯನ್ನು ಮಗುಚಿ ಇಡಲು ಮರೆತು
ಬ್ಲೇಡು ಬಿಟ್ಟರಂತೆ.
ನೂರಾ ಅರವತ್ತು ಎಡಗಾಲು!
ಲೋಕದಲ್ಲಿ ಯಾರಿಗೆ ತೊಡಿಸುವುದು?

ಆ ವರ್ಷ ನಮ್ಮ ಓಣಿಯ ಹುಡುಗರೆಲ್ಲ
ನೀಲಿ ಚೀಲ ಹೊತ್ತು ಶಾಲೆಗೆ ಹೋದೆವು.
ನನ್ನ ಚೀಲದ ತಳದಲ್ಲಿ ಒಂದು ಮೊಣಕಾಲಿತ್ತು,
ಲೆಕ್ಕದ ಪುಸ್ತಕ ಅಲ್ಲೇ ಬಾಗಿ ಕೂರುತ್ತಿತ್ತು.

ಈಗ ನಾನು ಅದೇ ಯೂನಿಟ್ಟಿನ
ಕಂಪ್ಯೂಟರ್ ಸುಂಕಲಮ್ಮ.
ನಕ್ಷೆಗಳು ಕಾಗದ ಬಿಟ್ಟು ಪೆಟ್ಟಿಗೆಯೊಳಗೆ ಬಂದಿವೆ:
ಸೊಂಟ ಇಪ್ಪತ್ತೆಂಟರಿಂದ ನಲವತ್ತರವರೆಗೆ,
ಹನ್ನೊಂದು ವರ್ಷದ ಜೇಬು, ಜಿಪ್ಪು, ಪಟ್ಟಿ.
ಜಾಗ ತುಂಬಿದೆ, ಹಳೇದು ತೆಗೆ, ಅಂದರು ಸಾಹುಕಾರರು.

ಕಪ್ಪು ಕಿಟಕಿ ತೆರೆದೆ.
ಅದಕ್ಕೆ ಬಣ್ಣವಿಲ್ಲ, ಬೊಂಬೆಯಿಲ್ಲ, ದಾಕ್ಷಿಣ್ಯವಿಲ್ಲ.
'ಹೌದಾ? ನಿಜವಾಗಿಯೂ?' ಎಂದು ಕೇಳುವ ಗುಣವಿಲ್ಲ.
ಬರೆದದ್ದನ್ನು ಮಾಡುತ್ತದೆ,
ಮನಸ್ಸಿನಲ್ಲಿದ್ದದ್ದನ್ನಲ್ಲ.

ಒಂದು ಸಾಲು ಟೈಪು ಮಾಡಿದೆ. ಅಳಿಸು, ಎಂದು.

ನಮ್ಮ ಭಾಷೆಗೆ ಮೊದಲೇ ತಿಳಿದಿತ್ತೇನೋ:
ಅಳಿಸು ಅಂದರೆ ಒರೆಸಿ ಹಾಕು,
ಅಳಿಸು ಅಂದರೆ ಅಳುವಂತೆ ಮಾಡು.

ಬೆರಳು ಎಂಟರಿನ ಮೇಲಿತ್ತು.
ಆಚೆ ಮೇಜಿನಲ್ಲಿ ಮಾಸ್ತರು
ಬಂದಾದ ಮಿಷನ್ನನ್ನು ಪಕ್ಕಕ್ಕಿಟ್ಟು
ಬರಿ ತೋರುಬೆರಳಿನಿಂದ
ಸುಣ್ಣದ ಗೆರೆಯ ಮೇಲೆ ನಡೆಯುತ್ತಿದ್ದರು,
ಸೊಂಟದಿಂದ ಇಳಿದು, ಮಂಡಿ ದಾಟಿ, ಅಂಚಿಗೆ,
ತುಟಿಯಲ್ಲಿ 'ಎಡ... ಬಲ... ಎಡ... ಬಲ...'
ದಿನಕ್ಕೆ ನಾಕು ಸಲ ನೋಡುವ ನೋಟ.
ಇವತ್ತು ನಾಚಿಕೆಯಾಯಿತು.

ಬೆರಳು ತೆಗೆದೆ.
'ಅಳಿಸು' ಇದ್ದಲ್ಲಿ 'ತೋರಿಸು' ಎಂದು ಬರೆದೆ,
ಉಳಿದ ಸಾಲು ಹಾಗೇ ಇಟ್ಟೆ.
ಕತ್ತರಿಸಬೇಡ, ಬರಿ ಬೆರಳಲ್ಲಿ ನಡೆ.

ನಡೆಯಿತು.
ಹಳೇದನ್ನು ತೋರಿಸಿತು.
ಹೊಸದನ್ನೂ ತೋರಿಸಿತು.
ನಾಳೆ ಸೋಲಾಪುರಕ್ಕೆ ಹೋಗಬೇಕಾದ ಆರ್ಡರನ್ನು,
ಕೂಲಿ ಪಟ್ಟಿಯನ್ನು, ಹಜೀರಾಬಿಯ ಓವರ್ ಟೈಮನ್ನು,
ಸಾಲುಸಾಲಾಗಿ, ಕೊನೆಯಿಲ್ಲದೆ,
ಸಂತೆಗೆ ಹೊರಟವರಂತೆ ಎಲ್ಲರೂ ಇಳಿದು ಬಂದರು.

ಕುರ್ಚಿ ಹತ್ತಿರ ಎಳೆದು
ಒಂದೊಂದೇ ಅಕ್ಷರ ಬಾಯಿಬಿಟ್ಟು ಓದಿದೆ.
ಸಿಕ್ಕಿತು.
'ಹಳೇದು' ಎಂಬುದಕ್ಕೂ ಅದರ ಬೆನ್ನಿಗಿರಬೇಕಾದ ಚುಕ್ಕಿಗೂ ನಡುವೆ
ಒಂದು ಖಾಲಿ ಜಾಗ.
ಎಳ್ಳು ಬೀಳುವಷ್ಟು. ಅಷ್ಟೂ ಇಲ್ಲ.
ಒಂಟಿಯಾದ ಚುಕ್ಕಿ ಅಂದರೆ
ಈ ಪೆಟ್ಟಿಗೆಯ ಭಾಷೆಯಲ್ಲಿ 'ಎಲ್ಲವೂ.'

ಜಾಗ ಮುಚ್ಚಿದೆ. ಮತ್ತೆ ತೋರಿಸು ಅಂದೆ.
ಹಳೇದಷ್ಟೇ ಬಂತು, ಹದಿನೇಳು ಹೆಸರು.
ಆಮೇಲೆ, ಕೈ ಒಣಗಿಸಿಕೊಂಡು,
ಅಳಿಸು.

ಏನೂ ಹೇಳಲಿಲ್ಲ ಕಿಟಕಿ.
ತಪ್ಪಾದರೆ ಬೈಯುತ್ತದೆ, ಸರಿಯಾದರೆ ಸುಮ್ಮನಿರುತ್ತದೆ,
ಥೇಟ್ ಮಾಸ್ತರ ಹಾಗೆ.

'ಏನಮ್ಮಾ, ಮುಖ ಬೆವರೈತಲ್ಲಾ' ಅಂದರು ಅವರು.
'ಬಳ್ಳಾರಿ ಬಿಸಿಲು ಮಾಸ್ತರೇ' ಅಂದೆ.
ಇನ್ನೇನು ಹೇಳುವುದು?
ಆಗದೆ ಹೋದದ್ದಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಮ್ಮಿಲ್ಲ,
ಮೊಳೆಗೆ ನೇತುಹಾಕಲು
ಒಂದು ಕಾಲೂ ಇಲ್ಲ.

ಅವರು ನಕ್ಕು, ಫ್ಯಾನನ್ನು ನನ್ನ ಕಡೆ ತಿರುಗಿಸಿ,
ಮತ್ತೆ ಬೆರಳಿಟ್ಟರು ಗೆರೆಯ ಮೇಲೆ.
ಎಡ... ಬಲ...