ಅರವತ್ತು ಹತ್ತಿಕಡ್ಡಿ

ಉಲಾನ್‌ಬಾತರ್. ಹೊರಗೆ ಸೊನ್ನೆಗಿಂತ ಇಪ್ಪತ್ತೊಂಬತ್ತು ಕೆಳಗೆ.
ದಡಾರದ ವಾರ್ಡಿನ ಕಿಟಕಿಗಳಿಗೆ
ಅಕ್ಟೋಬರಿನಲ್ಲೇ ಹಿಟ್ಟಿನ ಅಂಟು ಬಳಿದು
ಕಾಗದದ ಪಟ್ಟಿ ಮೆತ್ತಿದ್ದಾರೆ.
ಒಂದೆಳೆ ಗಾಳಿಯೂ ಒಳಬಾರದು,
ಅಂದರೆ ಒಂದೆಳೆಯೂ ಹೊರಹೋಗದು.

ನಾನು ಬಂದದ್ದು ಪೆಟ್ಟಿಗೆ ಹಿಡಿದು:
ಅರವತ್ತು ಹತ್ತಿಕಡ್ಡಿ, ಅರವತ್ತು ಸೀಸೆ,
ಗಾಳಿ ಹೀರುವ ಪಂಪು ಒಂದು.
ದೊಡ್ಡ ಡಾಕ್ಟರು ಕರೆಸಿದ್ದು ಯಾಕೆಂದು
ನನಗೂ ಗೊತ್ತು, ನೆಲ ಒರೆಸುವ ದುಲ್ಮಾಳಿಗೂ ಗೊತ್ತು.
ಮೂವರು ದಾದಿಯರು ಮಲಗಿದ್ದಾರೆ,
ಯಾರದಾದರೂ ತಪ್ಪು ಬೇಕಲ್ಲ.

ಬಕೆಟ್ಟು ಹಿಡಿದೇ ಅವಳು ನನ್ನ ಹಿಂದೆ ಬಂದಳು.
ಇಪ್ಪತ್ತೆರಡು ವರ್ಷದ ಕ್ಲೋರಿನ್ನಿಗೆ
ಬೆರಳ ತುದಿಯ ಗೆರೆಗಳು ಅಳಿಸಿಹೋಗಿವೆ;
ಬ್ಯಾಂಕಿನ ಯಂತ್ರ ಅವಳನ್ನು ಗುರುತಿಸುವುದಿಲ್ಲವಂತೆ.
"ನೆಲ ನೋಡು," ಅಂದಳು, "ನಿನ್ನ ಮುಖ ಕಾಣುತ್ತೆ."
ಕಂಡಿತು. ಮಾಸ್ಕು ಹಾಕಿದ ಮುಖ.

ಕಣ್ಣು ಹೋಗುವ ಕಡೆ ಅವಳು ಒರೆಸುತ್ತಾಳೆ,
ಕೈ ಹೋಗುವ ಕಡೆ ನಾನು ಸವರುತ್ತೇನೆ:
ಮಂಚದ ಸರಳಿನ ಅಡಿಭಾಗ,
ಲಿಫ್ಟಿನ ನಾಲ್ಕನೇ ಗುಂಡಿ, ಅದೊಂದೇ ನುಣ್ಣಗೆ ಸವೆದದ್ದು,
ಉಪ್ಪು ಚಹಾದ ಫ್ಲಾಸ್ಕಿನ ಮುಚ್ಚಳ,
ಮೂರೇ ಕಾಲಿನ ಪ್ಲಾಸ್ಟಿಕ್ ಒಂಟೆ,
ದಾರ ಕಟ್ಟಿ ಮೇಜಿಗೆ ಬಿಗಿದ ಸಹಿಯ ಪೆನ್ನು.
ಸವರಿ, ಸೀಸೆಗಿಳಿಸಿ, ಕಡ್ಡಿ ಮುರಿದು, ನಂಬರು ಬರೆದು.
ಚಟ್. ಚಟ್.
ಏಳನೇ ಕೋಣೆಯ ಹುಡುಗಿ ಆ ಸದ್ದು ಎಣಿಸುತ್ತಿದ್ದಳು.
"ಮೂವತ್ತೊಂದು," ಅಂದಳು. ನನ್ನ ಲೆಕ್ಕಕ್ಕೆ ಮೂವತ್ತು.
ಅವಳದೇ ಸರಿ.

ಗಾಳಿಗೆ ಸವರಲು ಮೈಯಿಲ್ಲ.
ಪಂಪು ಗೊರಗೊರ ಉಸಿರೆಳೆಯಿತು ಮುದುಕನ ಹಾಗೆ,
ಖಾಲಿ ಕೋಣೆಯಲ್ಲಿ,
ಮಗುವೊಂದು ಆಗಷ್ಟೇ ಎದ್ದುಹೋದ ಮಂಚದ ಪಕ್ಕ.
ಹೋದವರು ಹೋಗಿರುತ್ತಾರೆ. ಅವರ ಕೆಮ್ಮು
ಎರಡು ಗಂಟೆ ಅಲ್ಲೇ ತೇಲುತ್ತಾ
ಮುಂದೆ ಬರುವವರ ದಾರಿ ಕಾಯುತ್ತದೆ.

ಶುಕ್ರವಾರ ಫಲಿತಾಂಶ.
ನೆಲ: ಹದಿನಾಲ್ಕು ಕಡ್ಡಿ, ಒಂದರಲ್ಲೂ ಇಲ್ಲ.
ಒಂಟೆಯಲ್ಲೂ ಇರಲಿಲ್ಲ, ಯಾಕೋ.
ಪಂಪಿನ ಜಾಲರಿಯಲ್ಲಿ ಇತ್ತು. ಪೆನ್ನಿನಲ್ಲಿ ಇತ್ತು.
ಮತ್ತೆ, ಬರೆಯದೆ ಇರಲಾರೆ, ಐವತ್ತೊಂಬತ್ತನೆಯದರಲ್ಲಿ:
ಉಳಿದಿದೆಯಲ್ಲ ಎಂದು ಸುಮ್ಮನೆ ಸವರಿದ್ದ
ನನ್ನದೇ ಪೆಟ್ಟಿಗೆಯ ಹಿಡಿ.
ದೊಡ್ಡ ಡಾಕ್ಟರು ವರದಿಯನ್ನು ಎರಡು ಸಲ ಓದಿ
ಅದೇ ಪೆನ್ನೆತ್ತಿ ಸಹಿ ಹಾಕಿದರು.

ದುಲ್ಮಾ ಕಾಗದ ನೋಡಲಿಲ್ಲ. ಬಕೆಟ್ಟು ಕೆಳಗಿಟ್ಟು
ಚಾಕು ತಂದು ಕಿಟಕಿಯ ಪಟ್ಟಿ ಸೀಳಿದಳು.
ಎರಡು ಬೆರಳಗಲ.
ಬಂದದ್ದು ಬೆಟ್ಟದ ಗಾಳಿಯಲ್ಲ,
ಊರಂಚಿನ ಗುಡಾರಗಳ ಒಲೆಒಲೆಯ ಕಲ್ಲಿದ್ದಲ ಹೊಗೆ.
ಮಕ್ಕಳು ಕೆಮ್ಮಿದರು. ಮುಚ್ಚಿದಳು.
ಮತ್ತೆ ತೆರೆದಳು.
"ಯಾವ ಗಾಳಿ, ಹೇಳು," ಅಂದಳು,
"ಓದಿದವನು ನೀನು."

ಕೆಳಗೆ ಗೇಟಿನ ಬಳಿ ಏಳನೇ ಕೋಣೆಯ ಅಜ್ಜಿ.
ನಮ್ಮಲ್ಲಿ ಹಿರಿಯರು ಮುತ್ತಿಡುವುದಿಲ್ಲ, ಮೂಸುತ್ತಾರೆ.
ಕೆನ್ನೆಗೆ ಮೂಗೊತ್ತಿ
ಮಗುವನ್ನು ಒಂದು ಉಸಿರು ಒಳಗೆಳೆದುಕೊಳ್ಳುತ್ತಾರೆ.
ಮೇಲೆ ಬಿಡುವುದಿಲ್ಲ ಅಂದರಂತೆ. ಟೋಪಿಯಾದರೂ ಕೊಡಿ ಅಂದಳಂತೆ.
ಯಾವ ದಾದಿಯೋ ಕರಗಿ ಕೊಟ್ಟುಬಿಟ್ಟಿದ್ದಾಳೆ.
ಮನೆಯಲ್ಲಿ ಇನ್ನೊಂದು ಕೂಸಿದೆ, ಐದು ತಿಂಗಳದು.

"ಹಿಮದಲ್ಲಿ ಹೂತಿಡಲೆ?" ಕೇಳಿದಳು.
"ಕುರಿಚರ್ಮದ ಹೇನು ಸಾಯೋದು ಹಾಗೇ."
ಬೇಡಜ್ಜಿ. ಲ್ಯಾಬಿನಲ್ಲಿ ನಾವು ಇದನ್ನು
ಸಾಯದಿರಲೆಂದೇ ಹಿಮಕ್ಕಿಂತ ತಣ್ಣಗೆ ಇಡುತ್ತೇವೆ.
ಚಳಿ ಇದರ ತೊಟ್ಟಿಲು.
ಬಿಸಿಲಿಗೆ ಹಾಕಿ. ಸಂಜೆಯವರೆಗೆ ಮುಟ್ಟಬೇಡಿ.

ಹೊಗೆ ಸೋಸಿ ಉಳಿದ ಬಿಸಿಲು ಬೆಂಚಿನ ಅರ್ಧಕ್ಕಿತ್ತು.
ಅಲ್ಲಿ ಟೋಪಿ ಹರಡಿ, ಇನ್ನರ್ಧದಲ್ಲಿ,
ನೆರಳಿನಲ್ಲಿ, ತಾನು ಕೂತಳು.
ಬಸ್ಸು ತಡವಾಯಿತು. ಹತ್ತಿ, ಮಂಜು ಕಟ್ಟಿದ ಗಾಜು ಉಜ್ಜಿ ನೋಡಿದೆ:
ಬಿಸಿಲು ಸರಿದಿತ್ತು, ಟೋಪಿಯನ್ನೂ ಸರಿಸಿದ್ದಳು.
ಇನ್ನೂ ಮೂಸಿರಲಿಲ್ಲ.