ಗುಂಡಿ ಯಾವ ಬಾಜೂ

ನನ್ನ ಅಳತಿ ವಹಿಗೆ ಎರಡು ಮುಖ.
ಮುಂದಿಂದ ತೆರೆದರ ಕುಪ್ಪಸ,
ಬೋರಲು ಹಾಕಿ ಹಿಂದಿಂದ ತೆರೆದರ ಅಂಗಿ, ಪಾಯಿಜಾಮ.
ಮೂವತ್ತೊಂದು ವರ್ಷ ಗುಳೇದಗುಡ್ಡದಾಗ
ಖಣ ಅಂದರ ಮುಂದಿನ ಹಾಳಿ.

ಹೋದ ವಾರ ಅಂಬಾಸಾ ಬಂದ.
ತಾಯಿ ಹರಕಿ ಹೊತ್ತು ಇಟ್ಟ ದೇವಿ ಹೆಸರು,
ಮೀಸಿ ನೆರೆತರೂ ಅದ ಹೆಸರು.
ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಐವತ್ತು ವರ್ಷ
ನೇಯ್ದದ್ದು ಬರೇ ಖಣ, ಉಟ್ಟದ್ದು ಬರೇ ಬಿಳಿ:
ಧೋತರ ಬಿಳಿ, ಟೊಪಗಿ ಬಿಳಿ,
ಬೆರಳ ಸಂದ್ಯಾಗ ಮಾತ್ರ
ತೊಳೆದಷ್ಟೂ ಹೋಗದ ದಾಳಿಂಬರ ಕೆಂಪು.

ಚೀಲದಿಂದ ನಾಕು ಖಣ ತೆಗೆದ.
ಮುಮ್ಮೂಲಿ ಮಡಿಕಿ ಬಿಚ್ಚಿದರ
ಸಾಲಾಗಿ ಆನಿಹೆಜ್ಜಿ, ಅಂಚಿಗೆ ನವಿಲಗರಿ ಹಸಿರು.
"ಅಂಗಿ ಹೊಲಿ."
"ಯಾರಿಗೆ, ಮೊಮ್ಮಗಳಿಗೆ?"
"ನನಗ."

ಕತ್ತರಿ ಎತ್ತಿದೆ. ಕೆಳಗಿಟ್ಟೆ.

"ಗಂಡಾನಿ ಹೆಜ್ಜಿಯೋ ಹೆಣ್ಣಾನಿ ಹೆಜ್ಜಿಯೋ
ನೇಯುವಾಗ ಯಾರೂ ಕೇಳಲಿಲ್ಲಪಾ," ಅಂದ.
"ನಿನ್ನ ಕತ್ತರಿ ಮುಟ್ಟೂತನಾ ಅರಿವಿಗೆ ಎದಿ ಎಲ್ಲೈತಿ?
ಉದ್ದ ಐತಿ, ಅಗಲ ಐತಿ, ಅಷ್ಟ."

ಅಳತಿ ಬರಿಯಾಕ ವಹಿ ತೆರೆದೆ.
ಮುಂದಿನ ಹಾಳಿ ಸರಿಬರಲಿಲ್ಲ, ಹಿಂದಿನದೂ.
ನಡುವ ಪಿನ್ನು ಹೊಡೆದ ಹಾಳ್ಯಾಗ ಬರಕೊಂಡೆ.

ಭುಜದ ಹೊಲಿಗ್ಯಾಗ ಹೆಜ್ಜಿ ತುಂಡಾಗಬಾರದು,
ಅದಕ್ಕೊಂದು ರಾತ್ರಿ ಹಿಡೀತು.
ಅಂಚು ತೋಳಿಗಿಟ್ಟರ ಕುಪ್ಪಸ ಕಂಡಂಗಾತು,
ಬಿಚ್ಚಿ ಕಿಸೆದ ಬಾಯಿಗೆ ಹಚ್ಚಿದೆ.
ಆಮ್ಯಾಲ ಗುಂಡಿ.
ಗಂಡಸರಿಗೆ ಬಲಕ್ಕ, ಹೆಂಗಸರಿಗೆ ಎಡಕ್ಕ,
ಉಸ್ತಾದರು ಬೆರಳಿಗೆ ಹೊಡೆದು ಕಲಿಸಿದ ಕಾಯ್ದೆ.
ಫೋನ್ ಹಚ್ಚಿದೆ: "ಯಾವ ಬಾಜೂ?"
ಆ ಕಡಿಂದ ಮೊದಲು ಮಗ್ಗದ ಸಪ್ಪಳ.
"ಲಾಳಿ ಎರಡೂ ಬಾಜೂ ಓಡತೈತಿ, ರಾಜೇಸಾಬ.
ನಿನಗ ಹೆಂಗ ಅನುಕೂಲೋ ಹಂಗ."

ಇವತ್ತು ತೊಟ್ಟು ನೋಡಿದ, ನನ್ನ ಒಡಕು ಕನ್ನಡ್ಯಾಗ.
ಇಷ್ಟು ವರ್ಷ ಮಗ್ಗದ ಮುಂದ ಬಾಗಿದ ಬೆನ್ನು,
ಅದರ ಮ್ಯಾಲ ಆನಿಗೋಳು ಗುಡ್ಡ ಹತ್ತಿದ್ದವು.
ಜೋಡಿ ಬಂದ ಅನಸೂಯಾಬಾಯಿ
ಎಲಿಅಡಿಕಿ ಜಗಿಯೂದು ನಿಲ್ಲಿಸಿ ಸುತ್ತ ಒಮ್ಮೆ ತಿರುಗಿದಳು.
ನಗತಾಳೇನೋ ಅಂತ ನಾ ಅಂಜಿದ್ದೆ.
ಕಾಲರು ಜಗ್ಗಿದಳು, ಹೊಲಿಗಿ ತಿರುವಿ ನೋಡಿದಳು,
ನನ್ನ ಕಡೆ ಹೊಳ್ಳಿ,
"ತೋಳು ಒಂಚೂರು ಸಡ್ಲ ಬಿಡು," ಅಂದಳು,
"ಐತವಾರ ನಾ ಹಾಕ್ಕೋತೀನಿ."

ಅವರು ಹೋದ ಮ್ಯಾಲ ಅಂಗಡಿ ಕಸ ಹೊಡೆದೆ.
ಒಂದು ಚೂರು, ಅರ್ಧ ಹೆಜ್ಜಿ ಇದ್ದದ್ದು,
ನನ್ನ ಅಂಗಿ ಕಾಲರಿನ ಒಳಮೈಗೆ ಹೊಲಕೊಂಡೀನಿ.
ಹೊರಗ ಕಾಣೂದಿಲ್ಲ.
ಕುತಗಿಗೆ ಹತ್ತತೈತಿ.