ಉಪ್ಪು ತಿನ್ನದ ಉಕ್ಕು

ಕಡಲಿನಿಂದ ಸಾವಿರ ಮೀಟರು ಮೇಲೆ, ಲ ಲೋಕ್ಲ್ ಊರಿನಲ್ಲಿ,
ಕಿಟಕಿಯ ಅರ್ಧಕ್ಕೆ ಹಿಮ ಬಂದಿರುವಾಗ
ಮುಳುಗುವವರ ಗಡಿಯಾರಕ್ಕೆ ನಾನು ಹೊಳಪು ಕೊಡುತ್ತೇನೆ.
ಹತ್ತೊಂಬತ್ತು ವರ್ಷವಾಯಿತು. ಹೆಸರು ಇದಲೀನಾ.
ಪೋರ್ಚುಗಲ್ಲಿನ ಪೆನೀಶ್, ಮೀನುಗಾರನ ಮಗಳು.
ಈಜು ಬಾರದು.

ಮೇಸ್ತ್ರಿ ಪೆರೆನೂ ಮೊದಲ ದಿನ ಮೇಜಿನ ಮೇಲೆ
ಮೂರು ತುಂಡು ಇಟ್ಟು ಕೇಳಿದ್ದ: ಯಾವುದು ಯಾವುದು?
ನನಗೆ ಮೂರೂ ಚಮಚದ ಹಾಗೆ ಕಂಡವು.
ಒಂದು ನಿಜಕ್ಕೂ ಚಮಚದ ಉಕ್ಕೇ, ಮುನ್ನೂರ ನಾಲ್ಕು.
ಸಾರಿಗೆ ಸಾಕು, ಸಾಗರಕ್ಕೆ ಸಾಲದು, ಅಂದ.
ಉಪ್ಪುನೀರು ಅದರ ಮೈಯಲ್ಲಿ ಸೂಜಿಮೊನೆಯ ಗುಳಿ ತೋಡುತ್ತದೆ,
ಒಳಗೊಳಗೇ, ಚಾಡಿಕೋರನ ಹಾಗೆ.

ಎರಡನೆಯದು ಮುನ್ನೂರ ಹದಿನಾರು ಎಲ್.
ಒಂದಿಷ್ಟು ಮಾಲಿಬ್ಡಿನಮ್ ಬೆರೆತದ್ದು, ಕಾರ್ಬನ್ ಕಡಿಮೆ.
ಆಸ್ಪತ್ರೆಯ ತಿರುಪು, ಹಡಗಿನ ಸರಪಳಿ, ಡೈರಿಯ ಕೊಳವೆ
ಇದರ ದಾಯಾದಿಗಳು. ಹೇಳಿದ ಮಾತು ಕೇಳುತ್ತದೆ.
ಚಕ್ರಕ್ಕೆ ಒತ್ತಿದರೆ ಬೂದು ಬೆಳಕು,
ನಮ್ಮೂರ ನವೆಂಬರಿನ ಬೆಳಗಿನಂಥದು.

ಮೂರನೆಯದು ಕಬ್ಬಿಣದ ಕಡಲೆ: ಒಂಬೈನೂರ ನಾಲ್ಕು ಎಲ್.
ಕ್ರೋಮಿಯಂ ಹೆಚ್ಚು, ನಿಕ್ಕಲ್ ಇಮ್ಮಡಿ, ಚೂರು ತಾಮ್ರ.
ಆಮ್ಲದ ಕಾರ್ಖಾನೆಗೆಂದು ಹುಟ್ಟಿದ್ದು, ಶ್ರೀಮಂತರ ಮಣಿಕಟ್ಟಿಗೆ ಬಂತು.
ಕೊರೆಯಲು ಹೋದರೆ ಜಿಗುಟು, ಉಳಿಯ ಮೊನೆಯನ್ನೇ ತಿಂದುಹಾಕುತ್ತದೆ.
ಹೊಳಪು ಬಂದ ಮೇಲೆ ಮಾತ್ರ, ಹೇಗೆ ಹೇಳಲಿ,
ಬಿಳಿ ಇನ್ನೊಂದು ಮೆಟ್ಟಿಲು ಕೆಳಗಿಳಿದ ಹಾಗೆ.
ಅದು ಬಂದ ವಾರ ನನ್ನ ತೋಳಿಗೆ ತಾನಾಗಿಯೇ ಗೊತ್ತಾಗುತ್ತದೆ:
ಧೂಳು ತಾಗಿದಲ್ಲೆಲ್ಲ ಕೆಂಪು ಗಂಧೆ.

ಜರ್ಮನಿಯಲ್ಲಿ ಇನ್ನೊಂದಿದೆಯಂತೆ,
ಸಬ್‌ಮರೀನಿನ ಹೊಟ್ಟೆಗೆ ಹೊದಿಸುವುದು;
ಅಯಸ್ಕಾಂತ ಕರೆದರೂ ತಿರುಗಿ ನೋಡದಂತೆ.
ಕೈಗೆ ಸಿಕ್ಕಿಲ್ಲ. ಅದರ ಬಗ್ಗೆ ಏನೂ ಹೇಳಲಾರೆ.

ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದರೆ
ಒಂದೇ ಪ್ರಶ್ನೆ: ತುಕ್ಕು ಹಿಡಿಯುತ್ತದೋ ಇಲ್ಲವೋ?
ಹಿಡಿಯುವುದಿಲ್ಲ, ಅಪ್ಪ.
ಹಾಗಾದರೆ ಅದು ಕಡಲು ಕಂಡಿಲ್ಲ, ಬಿಡು.

ನಮ್ಮ ಮನೆಗೆ ತುಕ್ಕು ಹೋಗದ ನೆಂಟ.
ಬಾಗಿಲ ತಿರುಗಣಿಯಲ್ಲಿ, ಅಮ್ಮನ ಸೂಜಿಯಲ್ಲಿ,
'ಬೋವಾ ಓರಾ' ಎಂಬ ದೋಣಿಯ ಮೊಳೆಮೊಳೆಯಲ್ಲಿ.
ಒಳ್ಳೆಯ ಗಳಿಗೆ ಎಂದು ಆ ಹೆಸರಿನ ಅರ್ಥ. ಅದರಲ್ಲಿ ಗಡಿಯಾರ ಇರಲಿಲ್ಲ.
ಉಪ್ಪು ತಿಂದವರು ನೀರು ಕುಡಿಯಲೇಬೇಕು;
ಅಪ್ಪನ ಕಬ್ಬಿಣ ಎರಡನ್ನೂ ಒಂದೇ ಗುಟುಕಿಗೆ ಮಾಡಿತು.
ಬಲೆ ಕತ್ತರಿಸುವ ಅವನ ಚಾಕು ಒಮ್ಮೆ ಇಲ್ಲಿಗೆ ತಂದಿದ್ದೆ.
ಊಟದ ಬಿಡುವಿನಲ್ಲಿ, ಯಾರೂ ಇಲ್ಲದಾಗ, ಚಕ್ರಕ್ಕೆ ಕೊಟ್ಟೆ.
ತುಕ್ಕು ಹೋಯಿತು. ಜೊತೆಗೆ ಅರ್ಧ ಚಾಕುವೂ ಹೋಯಿತು.
ಅವನಿಗಿನ್ನೂ ಹೇಳಿಲ್ಲ.

ಮುನ್ನೂರು ಮೀಟರು ಎಂದು ಮುಖದ ಮೇಲೆ ಬರೆದ ಗಡಿಯಾರಗಳು
ಬಕೆಟ್ಟಿನಷ್ಟು ತೊಟ್ಟಿಯಲ್ಲಿ ಆ ಆಳ ಕಂಡು ಬರುತ್ತವೆ.
ಆಮೇಲೆ ಬಿಸಿ ಮಾಡಿ, ಗಾಜಿನ ಮೇಲೆ ಒಂದು ತಣ್ಣನೆ ಹನಿ.
ಒಳಗೆ ಮಂಜು ಕಟ್ಟದಿದ್ದರೆ ಗೆದ್ದಂತೆ.
ಆಳ ಅಳೆಯುವುದು ಇಷ್ಟೇ. ಆಳಿನ ಲೆಕ್ಕ ಬೇರೆ ಕೋಣೆಯಲ್ಲಿ.

ಹತ್ತು ವರ್ಷಕ್ಕೆ ರಿಪೇರಿಗೆಂದು ತಿರುಗಿ ಬಂದಾಗ
ಗಾಜಿನ ಸುತ್ತಲ ಬಳೆ ಬಿಚ್ಚಿದರೆ ಏನಿರುತ್ತದೆ?
ಅಂಗಿತೋಳಿನ ನೂಲು, ಬಿಸಿಲಿಗೆ ಹಚ್ಚುವ ಕ್ರೀಮು,
ಒಮ್ಮೆ ಕೇಕಿನ ಪುಡಿ.
ಚಿಲಕಕ್ಕೆ ತಾಗಿದ ಗೀರು, ಅದನ್ನು ಅಳಿಸಲು ದುಡ್ಡು.

ಕಳೆದ ಮಂಗಳವಾರ ಒಂದು ಬಂತು. ಮುನ್ನೂರ ಹದಿನಾರು, ಹಳೆಯದು.
ಬಳೆ ತಿರುಗದೆ ಕಚ್ಚಿಕೊಂಡಿತ್ತು. ಎಬ್ಬಿಸಿದರೆ ಅಡಿಯಲ್ಲಿ ಮರಳು,
ಬಿಳಿ ಹಕ್ಕಳೆ, ಚಿಪ್ಪಿನದೊಂದು ಚೂರು.
ಉಕ್ಕದ ಉಕ್ಕಿನ ಸಂದಿಯಲ್ಲಿ ಉಕ್ಕುವುದೊಂದು ಸಿಕ್ಕಿಕೊಂಡಿತ್ತು.
ಪೆರೆನೂ ಅತ್ತ ತಿರುಗಿದ್ದ.
ಬೆರಳು ಒತ್ತಿ ನಾಲಗೆಗೆ ಇಟ್ಟುಕೊಂಡೆ.

ಆಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಒಳ ಅಂಚಿನಲ್ಲಿ
ಎರಡು ಗುಳಿ, ಸೂಜಿಮೊನೆಯಷ್ಟು.
ಸಂಜೆ ಫೋನು ಹಚ್ಚಿ ಹೇಳಿದೆ:
ಒಂದು ಕಂಡಿದೆ, ಅಪ್ಪ.
ಚಾಕುವಿನ ಮಾತು ಇನ್ನೊಮ್ಮೆ ಎತ್ತಿದರಾಯಿತು.